ದಂತಪ್ರದರ್ಶನ ಮೀಮಾಂಸೆ

ಉಪೋದ್ಘಾತ

ಶಾಸ್ತ್ರವೊಂದು ಹುಟ್ಟಬೇಕಾದರೆ ಮೊದಲು ಬೋರ್ಡು ಹುಟ್ಟಬೇಕು. ಬೆಂಗಳೂರಿನ ಯಾವ ಬಡಾವಣೆಯ ಮುಖ್ಯರಸ್ತೆಯಲ್ಲಿ ನಿಂತು ತಲೆಯೆತ್ತಿದರೂ ಒಂದು ದೊಡ್ಡ ಬಾಯಿ ಕಾಣಿಸುತ್ತದೆ. ಅದಕ್ಕೆ ಮುಖವಿಲ್ಲ, ಎರಡು ತುಟಿ, ನಡುವೆ ಎಂಟೋ ಹತ್ತೋ ಹಲ್ಲು. ಕೆಳಗೆ ನಿಮ್ಮ ನಗುವನ್ನು ಡಿಸೈನ್ ಮಾಡಿಕೊಡುತ್ತೇವೆಂಬ ಪ್ರತಿಜ್ಞೆ, ಅದರ ಕೆಳಗೆ ಕಂತಿನ ಸೌಲಭ್ಯ. ಹಾಸ್ಯರಸದ ಬಗ್ಗೆ ಆಲಂಕಾರಿಕರು ಬರೆದರು, ಹಲ್ಲುನೋವಿನ ಬಗ್ಗೆ ವೈದ್ಯರು ಬರೆದರು. ನೋವೇ ಇಲ್ಲದ ಹಲ್ಲನ್ನು ನಗುವಿಗೋಸ್ಕರ ಬಿಳುಪಿಸಿ, ತೇಯ್ದು, ಮುಚ್ಚಿ, ಸರಿಸುವ ವಿದ್ಯೆಗೆ ಮಾತ್ರ ಲಕ್ಷಣಗ್ರಂಥದ ಕೊರತೆ ಇದೆ. ಅದನ್ನು ನೀಗಲೆಂದು ಮೀಮಾಂಸಕರ ಪದ್ಧತಿಯಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂಬ ಐದು ಅಂಗಗಳಿಂದ ಈ ಅಧಿಕರಣವನ್ನು ರಚಿಸಲಾಗಿದೆ. ಗ್ರಂಥಕರ್ತನ ಸ್ವಂತ ಹಲ್ಲುಗಳು ಚರ್ಚೆಯ ವ್ಯಾಪ್ತಿಗೆ ಬರುವುದಿಲ್ಲ.

ವಿಷಯ

ಸೂತ್ರ 1: ನಕ್ಕಾಗ ಕಂಡದ್ದು ಹಲ್ಲು.

ವ್ಯಾಖ್ಯಾನ: 'ನಕ್ಕಾಗ' ಎಂದದ್ದರಿಂದ ಅಗಿಯುವುದು, ಕಡಿಯುವುದು, ಅವಡುಗಚ್ಚುವುದು ಬಿಟ್ಟುಹೋದವು. 'ಕಂಡದ್ದು' ಎಂದದ್ದರಿಂದ ದವಡೆಹಲ್ಲುಗಳೂ ಹೋದವು. ಪ್ರಕೃತಿ ಕೊಟ್ಟದ್ದು 32. ಶಾಸ್ತ್ರಕ್ಕೆ ಬೇಕಾದದ್ದು ಮೇಲಿನ ಸಾಲಿನ ಆರು, ಎಂಟು, ಬಾಯಿ ಅಗಲವಿದ್ದರೆ ಹತ್ತು. ಹಿಂದಿನ ಹಲ್ಲು ಹುಳುಕಾಗಿ ರಾತ್ರಿಯೆಲ್ಲ ಚುಚ್ಚಿದರೆ ರೂಟ್ ಕೆನಾಲ್ ಮಾಡಿಸಬೇಕು, ಅದು ಕರ್ಮಕಾಂಡ. ಮುಂದಿನ ಹಲ್ಲಿನದು ಜ್ಞಾನಕಾಂಡ. ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬ ಗಾದೆಗೆ ಇಲ್ಲಿ ಹೊಸ ಅರ್ಥ ಬಂದಿದೆ: ದುಡ್ಡು ಕೊಟ್ಟು ಮಾಡಿಸಿದ ಮುಂದಿನ ಹಲ್ಲಿನಿಂದ ಕಡಲೆ ಕಡಿಯಬೇಡಿ ಎಂದು ಡಾಕ್ಟರೇ ಎಚ್ಚರಿಸಿ ಕಳಿಸುತ್ತಾರೆ.

ಶಾಸ್ತ್ರಕ್ಕೆ ಪರಂಪರೆ ಬೇಕು. ನಕ್ಕು ಹಲ್ಲು ತೋರಿಸಿ ಕೆಟ್ಟವರಲ್ಲಿ ಮೊದಲಿಗನು ಪೂಷಾ ಎಂಬ ದೇವತೆ. ದಕ್ಷನು ಶಿವನನ್ನು ಬೈಯುವಾಗ ಈತ ಹಲ್ಲು ಕಿರಿದಿದ್ದ; ವೀರಭದ್ರನ ದಂಡು ಯಜ್ಞಶಾಲೆಗೆ ನುಗ್ಗಿದಾಗ ಆ ಹಲ್ಲುಗಳು ಉದುರಿದವು. ವೀರಗಾಸೆಯವರ ಒಡಪಿನಲ್ಲಿ ದಕ್ಷನ ತಲೆ ಇಂದಿಗೂ ಉರುಳುತ್ತದೆ, ಪೂಷನ ಹಲ್ಲನ್ನು ಕೇಳುವವರಿಲ್ಲ. ಚಿಕಿತ್ಸೆಯ ವಿಷಯದಲ್ಲಿ ಎರಡು ಮತಗಳಿವೆ. ಭಾಗವತದಲ್ಲಿ ಶಿವನು ಶಾಂತನಾದ ಮೇಲೆ ಕೊಟ್ಟ ಪರಿಹಾರ ಇದು: ಪೂಷಾ ಇನ್ನು ಯಜಮಾನನ ಹಲ್ಲುಗಳಿಂದ ಅಗಿಯಲಿ, ಹಿಟ್ಟು ತಿಂದುಕೊಂಡಿರಲಿ. ಚರಕಸಂಹಿತೆಯಲ್ಲಾದರೋ ಅವನ ಉದುರಿದ ಹಲ್ಲಿಗೆ ಅಶ್ವಿನೀದೇವತೆಗಳು ಚಿಕಿತ್ಸೆ ಮಾಡಿದರು. ಒಂದರಲ್ಲಿ ಪರರ ಹಲ್ಲು, ಇನ್ನೊಂದರಲ್ಲಿ ತಜ್ಞರ ಕೈ. ಸೆಟ್ಟು ಮೇಲೋ ಇಂಪ್ಲಾಂಟು ಮೇಲೋ ಎಂಬ ವಿವಾದದ ಬೇರು ಇಲ್ಲಿದೆ. ಅಶ್ವಿನಿಗಳು ಇಬ್ಬರಿದ್ದುದರಿಂದ ಸೆಕೆಂಡ್ ಒಪಿನಿಯನ್ನಿಗೆ ಹೊರಗೆ ಹೋಗುವ ಖರ್ಚೂ ಪೂಷನಿಗೆ ಉಳಿಯಿತು. ಗಣಪತಿಯದು ಬೇರೆ ದಾರಿ. ಮುರಿದ ದಂತದ ಜಾಗದಲ್ಲಿ ಏನನ್ನೂ ಕೂರಿಸಿಕೊಳ್ಳದೆ, ಮುರಿದದ್ದನ್ನೇ ಲೇಖನಿ ಮಾಡಿಕೊಂಡು ಮಹಾಭಾರತ ಬರೆದ. ಆದ್ದರಿಂದ ಈ ಶಾಸ್ತ್ರದ ಮಂಗಳಶ್ಲೋಕದಲ್ಲಿ ಅವನನ್ನು ಸೇರಿಸುವುದು ವ್ಯಾಪಾರಕ್ಕೆ ಹಿತವಲ್ಲ.

ವಾತ್ಸ್ಯಾಯನನು 64 ಕಲೆಗಳ ಪಟ್ಟಿಯಲ್ಲಿ ಹಲ್ಲು, ಬಟ್ಟೆ, ಮೈಗಳಿಗೆ ಬಣ್ಣ ಹಾಕುವುದನ್ನು ಒಂದೇ ಕಲೆಯಾಗಿ ಎಣಿಸಿದ್ದಾನೆ. ಹಲ್ಲಿಗೆ ಯಾವ ಬಣ್ಣ ಎಂದು ಪಟ್ಟಿಯಲ್ಲಿಲ್ಲ. ಬಿಳಿಯೇ ಇರಬೇಕೆನ್ನುವವರು ಜಪಾನನ್ನು ನೋಡಬೇಕು. ಅಲ್ಲಿ ಶತಮಾನಗಳ ಕಾಲ ಮರ್ಯಾದಸ್ಥ ಹೆಂಗಸರು ವಿನಿಗರಿನಲ್ಲಿ ಕರಗಿಸಿದ ಕಬ್ಬಿಣಕ್ಕೆ ಮಾಚಿಕಾಯಿಯಂಥ ಒಗರುಪುಡಿ ಸೇರಿಸಿ ಹಲ್ಲನ್ನು ಅರಗಿನ ಹಾಗೆ ಕಪ್ಪಗೆ ಮಾಡಿಕೊಳ್ಳುತ್ತಿದ್ದರು. 1873ರಲ್ಲಿ ಸಾಮ್ರಾಜ್ಞಿ ಬಿಳಿಹಲ್ಲಿನಲ್ಲಿ ಕಾಣಿಸಿಕೊಂಡ ಮೇಲೆ ಪದ್ಧತಿ ಇಳಿಯಿತು. ನಮ್ಮ ದೇಶದಲ್ಲೂ ಮಿಸ್ಸಿ ಎಂಬ ಪುಡಿ ತಿಕ್ಕಿ ಹಲ್ಲು ಕಪ್ಪಾಗಿಸಿಕೊಂಡ ಸುಂದರಿಯರಿದ್ದರು. ಕವಿಗಳಂತೂ ಒಂದು ಬಾಯಿಯಲ್ಲಿ ಮಲ್ಲಿಗೆಮೊಗ್ಗು ಎಂದರು, ಇನ್ನೊಂದು ಬಾಯಿಯಲ್ಲಿ ದಾಳಿಂಬೆಬೀಜ ಎಂದರು. ಎರಡನ್ನೂ ನಂಬಿ ಕ್ಲಿನಿಕ್ಕಿಗೆ ಹೋದವರಿಗೆ ದಾಳಿಂಬೆಯ ಶೇಡು ಸ್ಟಾಕಿನಲ್ಲಿ ಸಿಗುವುದಿಲ್ಲ.

ಸಂಶಯ

ಅಂದಗೊಳ್ಳುವುದು ನಗುವೋ, ಹಲ್ಲೋ? ಬೋರ್ಡಿನಲ್ಲಿ ನಗು ಎಂದಿದೆ, ಬಿಲ್ಲಿನಲ್ಲಿ ಹಲ್ಲು ಎಂದಿದೆ. ಬೋರ್ಡು ಶ್ರುತಿ, ಬಿಲ್ಲು ಸ್ಮೃತಿ. ಎರಡಕ್ಕೂ ವಿರೋಧ ಬಂದರೆ ಶ್ರುತಿಯೇ ಮೇಲು ಎಂಬ ನ್ಯಾಯವಿದ್ದರೂ ಕೌಂಟರಿನಲ್ಲಿ ಕಾರ್ಡು ಉಜ್ಜುವುದು ಸ್ಮೃತಿಯ ಪ್ರಕಾರ.

ಪೂರ್ವಪಕ್ಷ

ಹಲ್ಲೇ ನಗು ಎನ್ನುವವನು ಪೂರ್ವಪಕ್ಷಿ. ಅವನ ಮತದಲ್ಲಿ ಸಾಧನಗಳು ನಾಲ್ಕು: ಬಿಳುಪಿಸುವುದು, ಮುಚ್ಚುವುದು, ಸರಿಸುವುದು, ನೆಡುವುದು.

ಸೂತ್ರ 2: ವರ್ಣವು ಹುಟ್ಟಿನಿಂದಲ್ಲ, ಪೆರಾಕ್ಸೈಡಿನಿಂದ.

ವ್ಯಾಖ್ಯಾನ: 1956ರಿಂದ ದಂತವೈದ್ಯರ ಕೈಯಲ್ಲಿರುವ ಜರ್ಮನಿಯ ವೀಟಾ ಕಂಪನಿಯ ಶೇಡ್ ಗೈಡು ಹಲ್ಲುಗಳನ್ನು ನಾಲ್ಕು ವರ್ಣಗಳಾಗಿ ವಿಂಗಡಿಸುತ್ತದೆ. ಎ ಎಂದರೆ ಕೆಂಗಂದು, ಬಿ ಎಂದರೆ ಕೆಂಪು ಬೆರೆತ ಹಳದಿ, ಸಿ ಎಂದರೆ ಬೂದು, ಡಿ ಎಂದರೆ ಕೆಂಪು ಬೆರೆತ ಬೂದು. ಒಟ್ಟು 16 ಉಪಜಾತಿಗಳು. ಇವುಗಳಲ್ಲಿ ಎ3.5 ಎಂಬ ಅರ್ಧಜಾತಿಗೆ ಸ್ಥಾನವಿದೆ, ಡಿ1ಕ್ಕೆ ಇಲ್ಲ. ಕಾರಣ ವಿದ್ವಾಂಸರು ಹುಡುಕಲಿ. ಗಮನಿಸಬೇಕಾದದ್ದೆಂದರೆ ಅಪ್ಪಟ ಬಿಳಿ ಎಂಬ ಜಾತಿ ಈ ಹದಿನಾರರಲ್ಲಿ ಇಲ್ಲವೇ ಇಲ್ಲ. ಮನುಷ್ಯರ ಹಲ್ಲು ಸಹಜವಾಗಿ ಸ್ವಲ್ಪ ಹಳದಿ, ಏಕೆಂದರೆ ಅರೆಪಾರದರ್ಶಕವಾದ ಎನಾಮಲಿನ ಹಿಂದಿನಿಂದ ಹಳದಿ ಡೆಂಟಿನ್ ಇಣುಕುತ್ತದೆ. ಬ್ಲೀಚ್ ಮಾಡಿಸುವವರ ಆಸೆ ಹದಿನಾರನ್ನೂ ದಾಟಿದ್ದರಿಂದ ಕಂಪನಿಯವರು ಮುಂದೆ ಅವರಿಗಾಗಿ ಬೇರೆ ಬಿಳಿಗಳನ್ನು ಸೃಷ್ಟಿಸಿದರು. ಅಂಥವರನ್ನು ವರ್ಣಾತೀತರೆನ್ನಬಹುದು.

ಕೆಲಸ ಮಾಡುವುದು ಹೈಡ್ರೋಜನ್ ಪೆರಾಕ್ಸೈಡ್, ಅಥವಾ ಅದನ್ನು ಮೆಲ್ಲಗೆ ಬಿಡುವ ಕಾರ್ಬಮೈಡ್ ಪೆರಾಕ್ಸೈಡ್. ಅದು ಹಲ್ಲಿನೊಳಗೆ ಇಳಿದು ಬಣ್ಣದ ಅಣುಗಳನ್ನು ಒಡೆಯುತ್ತದೆ. ಶೇ. 10ರ ಕಾರ್ಬಮೈಡ್ ಜೆಲ್ಲನ್ನು ಅಚ್ಚಿನಲ್ಲಿ ತುಂಬಿ ರಾತ್ರಿ ಕಚ್ಚಿಕೊಂಡು ಮಲಗುವ ಪದ್ಧತಿಯನ್ನು ಅಮೆರಿಕದ ವೈದ್ಯರು 1989ರಲ್ಲಿ ಪ್ರಕಟಿಸಿದರು. ಅವಸರದವರಿಗೆ ಕ್ಲಿನಿಕ್ಕಿನಲ್ಲಿ ಇನ್ನೂ ಖಾರದ ಜೆಲ್ಲಿದೆ. ಹಳೆಯ ಕ್ಯಾಪಿನ ಬಣ್ಣ ಇದರಿಂದ ಬದಲಾಗುವುದಿಲ್ಲ, ಹಾಗಾಗಿ ಸುತ್ತಲಿನವರೆಲ್ಲ ಬಿಳಿಯಾದಾಗ ಅದೊಂದು ಹಲ್ಲು ಹಳೆಯ ಕಾಲದವನಾಗಿ ಉಳಿಯುತ್ತದೆ. ಕೆಲವು ದಿನ ತಣ್ಣೀರು ತಾಗಿದರೆ ಜುಂ ಎನ್ನುವುದು ಪ್ರಾಯಶ್ಚಿತ್ತ. ಆಮೇಲೆ ಒಂದೆರಡು ದಿನ ಶ್ವೇತಾಹಾರ ವ್ರತ: ಕಾಫಿ, ಟೀ, ಸಾರು, ಬಿಸಿಬೇಳೆಬಾತು, ಅರಿಸಿನ ಬಿದ್ದ ಯಾವುದೂ ಸಲ್ಲದು. ಇಡ್ಲಿ, ಕಾಯಿಚಟ್ನಿ, ಒಗ್ಗರಣೆ ಹಾಕದ ಮೊಸರನ್ನ ವಿಹಿತ. ವ್ರತಭಂಗವಾಗುವುದು ಸಾಮಾನ್ಯವಾಗಿ ಎರಡನೆಯ ದಿನ ಬೆಳಗಿನ ಫಿಲ್ಟರ್ ಕಾಫಿಯ ಹೊತ್ತಿಗೆ.

ಸೂತ್ರ 3: ಕಾಮ್ಯವು ನಿತ್ಯವಾಗುತ್ತದೆ.

ವ್ಯಾಖ್ಯಾನ: 1930ರ ದಶಕದಲ್ಲಿ ಹಾಲಿವುಡ್ಡಿನ ದಂತವೈದ್ಯ ಚಾರ್ಲ್ಸ್ ಪಿಂಕಸ್ ನಟನಟಿಯರ ಹಲ್ಲಿನ ಮೇಲೆ ತೆಳುವಾದ ಬಿಲ್ಲೆಗಳನ್ನು ಕಟ್ಟುಹಲ್ಲಿನ ಸೆಟ್ಟಿಗೆ ಬಳಸುವ ಅಂಟುಪುಡಿಯಿಂದ ಕೂರಿಸುತ್ತಿದ್ದ. ಕ್ಯಾಮೆರಾ ನಿಂತ ಮೇಲೆ ತೆಗೆದಿಡುವುದು, ಊಟ ಸ್ವಂತ ಹಲ್ಲಿನಲ್ಲಿ. ತೆಗೆದಿಡಬಹುದಾದ ನಗು ಅದು. 1955ರಲ್ಲಿ ಮೈಕೆಲ್ ಬ್ಯುನೊಕೋರ್ ಎಂಬಾತ ಎನಾಮಲನ್ನು ಫಾಸ್ಫಾರಿಕ್ ಆಮ್ಲದಿಂದ ಒರಟು ಮಾಡಿದರೆ ರಾಳ ಬಿಡದೆ ಹಿಡಿಯುತ್ತದೆಂದು ತೋರಿಸಿದ. 1980ರ ದಶಕದಲ್ಲಿ ಪಿಂಗಾಣಿಯನ್ನೂ ಹಾಗೆಯೇ ಅಂಟಿಸುವುದು ರೂಢಿಗೆ ಬಂತು. ಅಲ್ಲಿಂದ ವಿನಿಯರ್ ಎಂಬ ಈ ಬಿಲ್ಲೆ ತೆಗೆದಿಡುವ ವಸ್ತುವಾಗಿ ಉಳಿಯಲಿಲ್ಲ. ಅರ್ಧ ಮಿಲಿಮೀಟರಿನ ಆಸುಪಾಸಿನ ಬಿಲ್ಲೆಗೆ ಜಾಗ ಮಾಡಲು ಸಾಮಾನ್ಯವಾಗಿ ಅಷ್ಟೇ ಎನಾಮಲನ್ನು ತೇಯಬೇಕು. ತೇಯ್ದ ಎನಾಮಲ್ ಮತ್ತೆ ಬೆಳೆಯುವುದಿಲ್ಲ, ಬಿಲ್ಲೆಯಾದರೋ ಹತ್ತು ಹದಿನೈದು ವರ್ಷಕ್ಕೆ ಹೊಸದನ್ನು ಕೇಳುತ್ತದೆ. ಆಸೆಯಿದ್ದರೆ ಮಾಡುವುದು ಕಾಮ್ಯಕರ್ಮ, ಬಿಡದೆ ಮಾಡಬೇಕಾದದ್ದು ನಿತ್ಯಕರ್ಮ. ಒಂದಾಗಿ ಶುರುವಾಗಿ ಇನ್ನೊಂದಾಗಿ ಮುಗಿಯುವ ಕರ್ಮವನ್ನು ಮೀಮಾಂಸಾಸೂತ್ರ ಬರೆದ ಜೈಮಿನಿಯೂ ಕಂಡಿರಲಿಲ್ಲ.

ಬಡವರ ಪಾಲಿನ ಬಾಂಡಿಂಗು, ಅಂದರೆ ಹಲ್ಲಿಗೆ ರಾಳವನ್ನೇ ಮೆತ್ತುವುದು, ಒಂದೇ ಸಲ ಕೂತು ಮುಗಿಯುತ್ತದೆ, ತೇಯುವುದೂ ಕಡಿಮೆ. ಆದರೆ ಕಾಫಿಯ ಕರೆ ಬೇಗ ಹತ್ತುತ್ತದೆ. ಹಲ್ಲಿನ ಅಗಲಕ್ಕೆ ಸುವರ್ಣ ಅನುಪಾತವೂ ಉಂಟು: ಎದುರಿನಿಂದ ನೋಡಿದರೆ ನಡುವಿನ ಹಲ್ಲು ಪಕ್ಕದ್ದಕ್ಕಿಂತ 1.618 ಪಟ್ಟು ಅಗಲ ಕಾಣಬೇಕು. ಸಹಜವಾದ ಸೊಗಸಿನ ಬಾಯಿಗಳನ್ನು ಅಳೆದು ನೋಡಿದವರಿಗೆ ಬಹುಪಾಲು ಬಾಯಿಗಳಲ್ಲಿ ಈ ಅಂಕಿ ಸಿಗಲಿಲ್ಲ. ಪೂರ್ವಪಕ್ಷಿಯ ಉತ್ತರ ಸಿದ್ಧವಿದೆ: ತಪ್ಪು ಬಾಯಿಗಳದು.

ಸರಿಸುವ ವಿದ್ಯೆಗೆ ಅಮೆರಿಕದ ಎಡ್ವರ್ಡ್ ಆ್ಯಂಗಲ್ 1899ರಲ್ಲಿ ವ್ಯಾಕರಣ ಬರೆದ. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಹೇಗೆ ಕೂರುತ್ತದೆಂದು ನೋಡಿ ಮೂರು ವರ್ಗ ಮಾಡಿದ. ನಮ್ಮಲ್ಲಿ ಕ್ಲಿಪ್ ಹಾಕಿಸುವುದು ಎಂದರೆ ಇದೇ. ತಂತಿ ಕಾಣಬಾರದೆನ್ನುವವರಿಗೆ ಪಾರದರ್ಶಕ ಅಲೈನರ್ ಬಂದಿದೆ. ದಿನಕ್ಕೆ ಇಪ್ಪತ್ತು ಗಂಟೆಗೂ ಮೇಲೆ ಬಾಯಲ್ಲಿರಬೇಕು, ತಿನ್ನುವಾಗ ತೆಗೆಯಬೇಕು. ದರ್ಶಿನಿಯಲ್ಲಿ ನಿಂತುಕೊಂಡು ಮಸಾಲೆದೋಸೆ ತಿನ್ನುವವನು ಅದನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ತಟ್ಟೆಯ ಪಕ್ಕ ಇಟ್ಟರೆ, ಮೇಜು ಒರೆಸುವ ಹುಡುಗ ಅದಕ್ಕೆ ಮೋಕ್ಷ ಕೊಡುತ್ತಾನೆ. ಉಬ್ಬುಹಲ್ಲಿನವರಲ್ಲಿ ಮೂರ್ಖರು ಅಪರೂಪ ಎಂಬ ಹಿರಿಯರ ಮಾತನ್ನು ಕ್ಲಿಪ್ ಹಾಕಿಸುವ ಮುನ್ನ ಯಾವ ಕ್ಲಿನಿಕ್ಕೂ ಒಪ್ಪಿಗೆಪತ್ರದಲ್ಲಿ ಬರೆಯುವುದಿಲ್ಲ.

ನೆಡುವುದನ್ನು ಸಂಕ್ಷೇಪಿಸೋಣ. 1952ರಲ್ಲಿ ಸ್ವೀಡನ್ನಿನ ಬ್ರೊನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರ ನೋಡಲು ಇಟ್ಟ ಟೈಟಾನಿಯಂ ಸಾಧನ, ಕೆಲಸ ಮುಗಿದ ಮೇಲೆ ಬಿಡಿಸಿಕೊಳ್ಳಲು ಬರಲಿಲ್ಲ. ಮೂಳೆ ಅದನ್ನು ತನ್ನದೆಂದು ಹಿಡಿದಿತ್ತು. 1965ರಲ್ಲಿ ಅದು ಮನುಷ್ಯನ ದವಡೆಗೆ ಬಂತು. ಇನ್ನು ವಸಡಿನ ಕಪ್ಪನ್ನು ಲೇಸರಿನಿಂದ ತೆಗೆಸುವ ಉಪಶಾಖೆ ಒಂದಿದೆ. ಅದು ರೋಗವಲ್ಲ, ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ನೇ. ತೆಗೆದರೂ ಎಷ್ಟೋ ಸಲ ಮರಳಿ ಬರುತ್ತದೆ. ಮದುವೆಯ ಫೋಟೊ ತೆಗೆದು ಮುಗಿಯುವ ತನಕ ಬಾರದಿದ್ದರೆ ಸಾಕೆಂಬುದು ಶಿಷ್ಟಾಚಾರ.

ಅಪವಾದ

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ಆ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ, ಅದು ಹೊರಗೆ ಬರುವ ಮುನ್ನವೇ ಎನಾಮಲ್ ಹಾಳಾಗಿ, ಆಮೇಲೆ ಕಂದು ಕಲೆ ಹತ್ತುತ್ತದೆ; ಮಾತಾಡುವಾಗ ಕೈ ತಾನಾಗಿ ಬಾಯಿಗೆ ಅಡ್ಡ ಬರುತ್ತದೆ. ಈ ಕಂದು ನಾಲ್ಕು ವರ್ಣಗಳಲ್ಲಿ ಎಲ್ಲೂ ಇಲ್ಲ. ಮೇಲ್ಪದರ ಮೆಲ್ಲಗೆ ಉಜ್ಜುವ ಮೈಕ್ರೊಅಬ್ರೇಷನ್ನೋ ಬಾಂಡಿಂಗೋ ವಿನಿಯರೋ ಬೇಕಾದದ್ದು ಇವರಿಗೆ, ಬೋರ್ಡಿರುವುದು ಬೆಂಗಳೂರಿನಲ್ಲಿ. ಒಂದು ಊರಿನ ಅಷ್ಟೂ ಜನರ ನಗುವನ್ನು ಒಮ್ಮೆಗೇ ಡಿಸೈನ್ ಮಾಡುವ ಅತ್ಯಂತ ಅಗ್ಗದ ಯಂತ್ರವೆಂದರೆ ಶುದ್ಧ ಕುಡಿಯುವ ನೀರಿನ ಘಟಕ. ಅದು ಕೆಟ್ಟು ನಿಂತಿರಬಾರದು, ಅಷ್ಟೆ.

ಸಿದ್ಧಾಂತ

ಸೂತ್ರ 4: ಕಾಣದಿದ್ದರೆ ಉತ್ತಮ.

ವ್ಯಾಖ್ಯಾನ: ಭರತನು ನಾಟ್ಯಶಾಸ್ತ್ರದಲ್ಲಿ ನಗೆಯನ್ನು ಆರು ಬಗೆಯಾಗಿ ವಿಂಗಡಿಸಿ, ಸ್ಮಿತ ಹಸಿತಗಳನ್ನು ಉತ್ತಮರಿಗೂ, ವಿಹಸಿತ ಉಪಹಸಿತಗಳನ್ನು ಮಧ್ಯಮರಿಗೂ, ಅಪಹಸಿತ ಅತಿಹಸಿತಗಳನ್ನು ಅಧಮರಿಗೂ ಹಂಚಿದ್ದಾನೆ. ಕೆನ್ನೆ ಸ್ವಲ್ಪ ಅರಳಿ ಹಲ್ಲು ಕಾಣದಿರುವುದು ಸ್ಮಿತ. ಹಲ್ಲು ಒಂದಿಷ್ಟು ಕಂಡರೆ ಹಸಿತ. ಸದ್ದು, ಕಣ್ಣೀರು, ಪಕ್ಕೆ ಹಿಡಿದುಕೊಳ್ಳುವುದೆಲ್ಲ ಆಮೇಲಿನ ಇಳಿಜಾರು. ಅಂದರೆ ಅತ್ಯುತ್ತಮ ನಗೆಗೆ ತಗಲುವ ದಂತವೆಚ್ಚ ಸೊನ್ನೆ. ಸರ್ಕಾರವೂ ಭರತನ ಪಕ್ಷದಲ್ಲಿದೆ: ಪಾಸ್‌ಪೋರ್ಟಿನ ಫೋಟೊದಲ್ಲಿ ಬಾಯಿ ಮುಚ್ಚಿರಲೇಬೇಕು.

ಖರ್ಚು ಮಾಡಿದವನಿಗಾದರೋ ಸ್ಮಿತವು ನಷ್ಟದ ಬಾಬ್ತು. ಎಂಟು ವಿನಿಯರಿನ ಕಂತು ಕಟ್ಟುವವನು ಮುಗುಳ್ನಕ್ಕು ಸುಮ್ಮನಿದ್ದರೆ ಹಾಕಿದ ಬಂಡವಾಳ ಹುಟ್ಟುವುದು ಯಾವಾಗ? ಆದ್ದರಿಂದ ಅವನು ಉತ್ತಮರ ಪಂಕ್ತಿ ಬಿಟ್ಟು ಕೆಳಗಿಳಿಯಲೇಬೇಕು. ಇದಕ್ಕೆ ದೃಷ್ಟಾಂತ ರೋಮಿನ ಎಗ್ನೇಷಿಯಸ್. ಹಲ್ಲು ಬೆಳ್ಳಗಿದ್ದ ಒಂದೇ ಕಾರಣಕ್ಕೆ ಇವನು ಕೋರ್ಟಿನಲ್ಲಿ ವಕೀಲ ಎಲ್ಲರನ್ನೂ ಅಳಿಸುತ್ತಿದ್ದಾಗಲೂ, ಒಬ್ಬನೇ ಮಗನನ್ನು ಕಳಕೊಂಡ ತಾಯಿಯ ಎದುರಿನಲ್ಲೂ ಹಲ್ಲು ಬಿಡುತ್ತಿದ್ದನೆಂದು ಕವಿ ಕಟಲ್ಲಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಅವನ ಮಾನ ಕಳೆದ. ಆ ಬಿಳುಪಿನ ಗುಟ್ಟು ಮೂತ್ರದಿಂದ ಹಲ್ಲು ತಿಕ್ಕುವುದು ಎಂದೂ ಸೇರಿಸಿದ. ಆ ಕಾಲಕ್ಕೆ ಪೆರಾಕ್ಸೈಡು ಇರಲಿಲ್ಲ.

ಪೂರ್ವಪಕ್ಷಿ ಕೊನೆಯದಾಗಿ ಕೇಳುತ್ತಾನೆ: ಹಲ್ಲಿಲ್ಲದೆ ನಗು ಸಿದ್ಧವಾಗುವುದಕ್ಕೆ ಪ್ರತ್ಯಕ್ಷ ಪ್ರಮಾಣ ಎಲ್ಲಿದೆ? ಉತ್ತರ: ಪ್ಯಾರಿಸ್ಸಿನಲ್ಲಿದೆ. 1862ರಲ್ಲಿ ಡುಷೆನ್ ಎಂಬ ವೈದ್ಯ ಮುಖದ ಸ್ನಾಯುಗಳಿಗೆ ವಿದ್ಯುತ್ತು ಮುಟ್ಟಿಸಿ ಫೋಟೊಗಳೊಂದಿಗೆ ಗ್ರಂಥ ಪ್ರಕಟಿಸಿದ. ಬಾಯಿಯ ಮೂಲೆಯನ್ನು ಎಳೆಯುವ ಸ್ನಾಯು ನಮ್ಮ ಮಾತು ಕೇಳುತ್ತದೆ, ಕಣ್ಣಿನ ಸುತ್ತಲಿನದು ನಿಜವಾದ ಸಂತೋಷಕ್ಕೆ ಮಾತ್ರ ಏಳುತ್ತದೆ ಎಂಬುದು ಅವನ ನಿರ್ಣಯ. ಅಸಲಿ ನಗುವಿಗೆ ಇಂದಿಗೂ ಅವನದೇ ಹೆಸರು. ಆ ಪ್ರಯೋಗಗಳಿಗೆ ಅವನು ಮುಖ್ಯವಾಗಿ ಆರಿಸಿಕೊಂಡ ಮುಖ ಒಬ್ಬ ಮುದುಕನದು. ಬೊಚ್ಚುಬಾಯಿ ಎಂದು ಡುಷೆನನೇ ಬರೆದಿಟ್ಟಿದ್ದಾನೆ. ಆದ್ದರಿಂದ ನಗು ಬೇರೆ, ಹಲ್ಲು ಬೇರೆ. ಕ್ಲಿನಿಕ್ಕಿನವರು ಹಲ್ಲು ಮಾಡಿಕೊಡುತ್ತಾರೆ, ಚೆನ್ನಾಗಿಯೇ ಮಾಡಿಕೊಡುತ್ತಾರೆ. ನಗುವನ್ನು ಗಿರಾಕಿಯೇ ಮನೆಯಿಂದ ತರಬೇಕು.

ಪ್ರಯೋಜನ

ಇದನ್ನು ಕ್ಲಿನಿಕ್ಕಿನ ಸೋಫಾದಲ್ಲಿ ಕೂತು, ಹೆಸರು ಕೂಗುವ ಮೊದಲೇ ಓದಿದವನಿಗೆ ಸದ್ಯಕ್ಕೆ ಕ್ಲೀನಿಂಗ್ ಸಾಕು ಎಂಬ ವಿವೇಕ ಹುಟ್ಟುತ್ತದೆ. ಹಲ್ಲಿನ ಕಿಟ್ಟ ಹೋದ ಮೇಲೆ ಎಷ್ಟೋ ಸಲ ಅಷ್ಟಕ್ಕೇ ಕನ್ನಡಿ ಒಪ್ಪುತ್ತದೆ. ರೇಟು ಕೇಳಿದ ಮೇಲೆ ಓದಿದವನಿಗೆ ಅದು ಒಂದು ಹಲ್ಲಿನದೋ ಎಂಟರದೋ ಎಂದು ವಿಚಾರಿಸುವ ಧೈರ್ಯ ಬರುತ್ತದೆ. ಎಲ್ಲ ಮುಗಿಸಿ ಕಂತು ಕಟ್ಟುತ್ತಿರುವಾಗ ಓದಿದವನಿಗೆ ನಗು ಬರುತ್ತದೆ. ಅವನು ಹೋದದ್ದೂ ಅದಕ್ಕೇ ಆದ್ದರಿಂದ ಅವನ ಮಟ್ಟಿಗೂ ಫಲ ಸಿದ್ಧ.