ತಲೆ ಮೇಲೆ ಕಲ್ಲು ಹಾಕಬೇಡಿ, ಸ್ವಾಮಿ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮ ಮನೆ. ಕೆಳಗೆ ಅಡುಗೆಮನೆ, ಅದರ ನೆತ್ತಿಯ ಮೇಲೆ ಬಚ್ಚಲು. ಹಳೆಯ ವಿನೈಲ್ ಕಿತ್ತಾಗ ಅಡಿಯಲ್ಲಿ ಸಿಕ್ಕಿದ್ದು ಚಿಪ್‌ಬೋರ್ಡ್ ಹಲಗೆ: ಅಲ್ಲಲ್ಲಿ ಹಸಿರು ಛಾಯೆ, ಬಿಸ್ಕತ್ತಿನ ಪುಡಿ ಒತ್ತಿದಂಥ ಮೈ. ಟೈಲ್ಸ್ ಪೆಟ್ಟಿಗೆಗಳು ಆಗಲೇ ಮೆಟ್ಟಿಲ ಬಳಿ ಕಾದಿದ್ದವು. ಎರಡು ವಿಡಿಯೊ ನೋಡಿ ಮೇಸ್ತ್ರಿಯಾಗಿದ್ದ ನಾನು ಮಂಡಿಯೂರಿ ಕೂತೆ.

ನಮಸ್ಕಾರ. ತಮ್ಮ ಕುಲಗೋತ್ರ?

ಮರ ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಮರದ ಚಕ್ಕೆ, ಹೊಟ್ಟು ಎಲ್ಲ ಗುಡಿಸಿ ಅಂಟಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿದರೆ ನಾನು. ಕಡ್ಲೆಕಾಯಿ ಚಿಕ್ಕಿ ಇದ್ದ ಹಾಗೆ, ಬೆಲ್ಲದ ಜಾಗದಲ್ಲಿ ರಾಳ. ನನ್ನ ದಪ್ಪ 22 ಮಿಲಿಮೀಟರ್, ಹಾಗಾಗಿ 60 ಸೆಂಟಿಮೀಟರಿಗೊಂದು ಜಂತೆ ಇದ್ದರೂ ನಡೆಯುತ್ತೆ. 18ರ ತಮ್ಮನಿಗೆ 45ರೊಳಗೇ ಇರಬೇಕು.

ಟೈಲ್ಸ್ ನೇರವಾಗಿ ನಿಮ್ಮ ಮೇಲೆ ಅಂಟಿಸಿಬಿಡಲೇ?

ಬೇಡ. ನೀವು ನಡೆದಾಗ ನಾನು ಕೂದಲೆಳೆಯಷ್ಟು ಬಾಗುತ್ತೇನೆ. ಅದು ನನ್ನ ಹುಟ್ಟುಗುಣ. ಟೈಲ್‌ಗೆ ಬಾಗೋದು ಗೊತ್ತಿಲ್ಲ, ಸ್ವಾಭಿಮಾನಿ. ಮೊದಲು ಗ್ರೌಟ್‌ನಲ್ಲಿ ಗೆರೆ ಬೀಳುತ್ತೆ, ಗೆರೆಯೊಳಗೆ ನೀರು ಇಳಿಯುತ್ತೆ, ನೀರು ಕುಡಿದು ನಾನು ಉಬ್ಬುತ್ತೇನೆ. ಒಮ್ಮೆ ಉಬ್ಬಿದರೆ ಒಣಗಿದ ಮೇಲೂ ಹಳೆಯ ಮೈಕಟ್ಟು ಬರೋಲ್ಲ. ಇದು ನಿಮಗೂ ಗೊತ್ತಿರೋ ವಿಷಯ.

(ಹೊಟ್ಟೆ ಒಳಗೆಳೆದುಕೊಂಡು) ಹಸಿರು ಬಣ್ಣ ಇದೆಯಲ್ಲ, ಪಿ5 ದರ್ಜೆ. ತೇವಕ್ಕೆ ಜಗ್ಗೋಲ್ಲ ಅಂತಾರೆ?

ತೇವ ಬೇರೆ, ನೀರು ಬೇರೆ ಸ್ವಾಮಿ. ಕೊಡೆ ಇದೆ ಅಂತ ಕೆರೆಗೆ ಇಳೀತೀರಾ?

ಬೆಂಗಳೂರಲ್ಲಿ ನಮ್ಮ ಮೇಸ್ತ್ರಿ ಗಾರೆ ಹರವಿ, ಸಿಮೆಂಟ್ ಹಾಲು ಸುರಿದು, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ, ರಸಮಟ್ಟ ಇಟ್ಟು ಒಂದೇ ದಿನದಲ್ಲಿ ಮುಗಿಸ್ತಿದ್ದರು.

ಅವರ ಕಾಲಡಿ ಆರ್‌ಸಿಸಿ ಇತ್ತು. ಆ ಗಾರೆಯನ್ನ ನನ್ನ ಮೇಲೆ ಹರವಿದರೆ ಭಾರ ಒಂದು ಕಡೆ, ಹಸಿ ಒಂದು ಕಡೆ. 10 ಮಿಲಿಮೀಟರ್ ದಪ್ಪದ ಪಿಂಗಾಣಿ ಟೈಲ್ ಒಂದೇ ಚದರ ಮೀಟರಿಗೆ 20 ಕಿಲೋ ದಾಟುತ್ತೆ. ನಿಮ್ಮ ಬಚ್ಚಲು ನಾಲ್ಕು ಚದರ ಮೀಟರ್. ಅಂದರೆ ದಪ್ಪ ಮೈಯ ಸೋದರಮಾವ ಒಬ್ಬರು ಬಂದು ಕೂತು, ಮತ್ತೆ ಏಳೋದೇ ಇಲ್ಲ. ವಿನೈಲಮ್ಮ ಹಗುರ ಹೆಣ್ಣುಮಗಳು. ಆಕೆಯನ್ನ ನೀವೇ ಸುರುಳಿ ಸುತ್ತಿ ಹೊರಗೆ ಹಾಕಿದಿರಿ.

ಟೈಲ್ಸ್ ವಾಪಸ್ ತೆಗೆದುಕೊಳ್ಳೋಲ್ಲವಂತೆ. ದಾರಿ ಹೇಳಿ.

ಮೊದಲು ನನ್ನ ಮೇಲೆ ಓಡಾಡಿ. ಕಿರ್ ಅಂದ ಕಡೆಯೆಲ್ಲ ಜಂತೆಗೆ ಸ್ಕ್ರೂ ಬಿಗೀರಿ. ಪೈಪು ಎಲ್ಲಿ ಹೋಗಿದೆ ನೋಡಿಕೊಂಡು ಬಿಗೀರಿ, ಇಲ್ಲದಿದ್ದರೆ ಕೆಳಗಿನ ಅಡುಗೆಮನೆಯಲ್ಲಿ ಮುಂಗಾರು. ಕಮೋಡ್ ಎತ್ತಿಡಿ, ಅದನ್ನ ಸುತ್ತುಹಾಕಿ ಟೈಲ್ ಕೊಯ್ಯೋದು ಹೊಸಬರ ಕೆಲಸ ಅಲ್ಲ. ಆಮೇಲೆ ನನಗೂ ಟೈಲ್‌ಗೂ ನಡುವೆ ಒಬ್ಬ ಮಧ್ಯಸ್ಥ ಬೇಕು. 6 ಮಿಲಿಮೀಟರಿನ ಸಿಮೆಂಟ್ ಬೋರ್ಡು. ಬಾಗುವ ಅಂಟು ಬಳಿದು ಕೂರಿಸಿ, 30 ಸೆಂಟಿಮೀಟರಿಗೊಂದು ಸ್ಕ್ರೂ. ನನ್ನ ಸಂದಿನ ಮೇಲೇ ಅದರ ಸಂದು ಬರಬಾರದು. ಗೋಡೆ ಕಟ್ಟೋರು ಇಟ್ಟಿಗೆ ತಪ್ಪಿಸಿ ಇಡ್ತಾರಲ್ಲ, ಹಾಗೆ. ಟೈಲ್‌ಗೂ ಎಸ್1 ಅಂತ ಚೀಲದ ಮೇಲೆ ಬರೆದಿರೋ ಅಂಟೇ ತನ್ನಿ.

ಫೆವಿಕಾಲ್‌ನಂಥ ಬಿಳಿ ಅಂಟು ಒಂದು ಡಬ್ಬಿ ಇದೆ. ಮೊದಲು ಅದನ್ನೇ ನೀರಲ್ಲಿ ಕಲಸಿ ಬಳಿದುಬಿಟ್ಟರೆ?

ಅದು ನೀರು ಕಂಡರೆ ಮತ್ತೆ ಕರಗೋ ಜಾತಿ. ಮಕ್ಕಳ ಪ್ರಾಜೆಕ್ಟಿಗೆ ಇಟ್ಟುಕೊಳ್ಳಿ.

ಬಕೆಟ್ ತುಂಬ ಟೈಲ್ ಅಂಟು ಕಲಸಿಟ್ಟು ಬಂದಿದ್ದೇನೆ. ಬೇಗ ಒಣಗೋ ನಮೂನೆ.

ಎಷ್ಟು ಹೊತ್ತಾಯಿತು?

ಈ ಸಂದರ್ಶನ ಶುರುವಾದಾಗಿನಿಂದ.

ಹಾಗಾದರೆ ಬಕೆಟ್ಟಿನ ಆಕಾರದ ಕಲ್ಲೊಂದು ಸಿದ್ಧವಾಗಿದೆ. ತೋಟದಲ್ಲಿಟ್ಟು ತುಳಸಿ ಕುಂಡ ಇಡಿ. ಕಲಿಯುವವರು ನಿಧಾನವಾಗಿ ಒಣಗೋದನ್ನ, ಅದೂ ಕಾಲು ಬಕೆಟ್ ಕಲಸಬೇಕು. ಹಲ್ಲಿನ ಕರಣೆಯಲ್ಲಿ ಒಂದೇ ದಿಕ್ಕಿಗೆ ಎಳೆದು, ಟೈಲ್ ಬೆನ್ನಿಗೂ ತೆಳ್ಳಗೆ ಸವರಿ ಒತ್ತಿ. ಬೆರಳ ಗೆಣ್ಣಿನಿಂದ ತಟ್ಟಿದಾಗ ಡಬ್ ಅಂದರೆ ಒಳಗೆ ಪೊಳ್ಳು. ಗೋಡೆಯ ಅಂಚಲ್ಲಿ ಸ್ವಲ್ಪ ಜಾಗ ಬಿಟ್ಟು ಸಿಲಿಕೋನ್ ತುಂಬಿ, ಗ್ರೌಟ್ ಅಲ್ಲ. ಉಸಿರಾಡೋಕೆ ನನಗೂ ಜಾಗ ಬೇಕು. ನೆಲ ಎತ್ತರ ಆಗುತ್ತೆ, ಬಾಗಿಲ ಅಡಿಯನ್ನೂ ಕೊಯ್ಯಬೇಕು. ಟೈಲ್ ಹಾಕಿ ಒಳಗೆ ನಿಂತು ಬಾಗಿಲು ಹಾಕಿಕೊಳ್ಳೋಕೆ ಹೋದಾಗಲೇ ಅದು ನೆನಪಾಗೋದು.

ಇಷ್ಟೆಲ್ಲ ಮಾಡಿದರೆ ನಿಶ್ಚಿಂತೆ?

ನೀವು ಸ್ನಾನ ಮಾಡೋದು ಎಲ್ಲಿ?

ತೊಟ್ಟಿಯೊಳಗೆ.

ನೆಲದಲ್ಲಿ ನೀರು ಹೋಗೋ ತೂತು?

ಈ ದೇಶದಲ್ಲಿ ಸಾಮಾನ್ಯವಾಗಿ ಅದನ್ನ ಇಡೋಲ್ಲ.

ಹಾಗಿದ್ದರೆ ನಿಶ್ಚಿಂತೆ. ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಇದ್ದುಬಿಡಿ.

ಅಷ್ಟರಲ್ಲಿ ಫೋನ್ ಬಂತು. ಹಾಸನದಿಂದ ಅಮ್ಮ. ಮುಂದಿನ ತಿಂಗಳು ಬರುತ್ತಾರೆ. ಹಲಗೆಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದೆ.

“ಹೊಸ ಟೈಲ್ಸಂತೆ, ಪಾಚಿ ಕಟ್ಟೋಕೆ ಬಿಡಬೇಡ ಕಣೋ. ದಿನಾ ನಾಲ್ಕು ಬಕೆಟ್ ನೀರು ಹೊಯ್ದು ಉಜ್ಜಿಬಿಡ್ತೀನಿ. ಅಲ್ಲಿ ಕಡ್ಡಿ ಪೊರಕೆ ಸಿಗುತ್ತೋ, ನಾನೇ ಎರಡು ತರ್ಲೋ?”