ದೌಲತಾಬಾದಿಗೆ ಎಷ್ಟು ರೀಪರ್?

ನಮ್ಮೂರಿನ ಹವ್ಯಾಸಿ ತಂಡದಲ್ಲಿ ಮಾತು ಮರೆಯುವವರಿಗೆ ಎರಡೇ ದಾರಿ. ಒಂದು, ಹಿಂದಿನ ಸಾಲಿನಲ್ಲಿ ಈಟಿ ಹಿಡಿದು ನಿಲ್ಲುವುದು. ಇನ್ನೊಂದು, ಸೆಟ್ಟಿಗೆ ಹೋಗುವುದು. ನಾನು ಈಟಿಯನ್ನೂ ಬೀಳಿಸಿದವನು. ಹಾಗಾಗಿ ‘ತುಘಲಕ್’ ಆಡೋಣ ಎಂದು ತೀರ್ಮಾನವಾದ ದಿನವೇ ನನ್ನ ಕೈಗೆ ಸುತ್ತಿಗೆ ಬಂತು.

13 ದೃಶ್ಯಗಳ ನಾಟಕ. ದೆಹಲಿ, ದೌಲತಾಬಾದು, ನಡುದಾರಿಯಲ್ಲೊಂದು ಬಿಡಾರ. ಸುಲ್ತಾನ 1327ರಲ್ಲಿ ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದ. ನಾವು ಅದನ್ನು ಒಂದು ನಿಮಿಷದ ಕತ್ತಲಲ್ಲಿ ಸಾಗಿಸಬೇಕು. ಅವನಿಗೆ ದೊಡ್ಡ ಸೈನ್ಯವಿತ್ತು. ನಮಗೆ ನಾಲ್ಕು ಹುಡುಗರು, ಅದರಲ್ಲಿ ಇಬ್ಬರಿಗೆ ಪಿಯುಸಿ ಪರೀಕ್ಷೆ.

ಪುಣ್ಯಕ್ಕೆ ನಾಟಕ ಬರೆದ ಗಿರೀಶ ಕಾರ್ನಾಡರಿಗೆ ನಮ್ಮಂಥವರ ಕಷ್ಟ ಗೊತ್ತಿತ್ತು. ಕಂಪನಿ ನಾಟಕದವರು ಮುಂದೆ ರಸ್ತೆ ಪರದೆ ಇಳಿಬಿಟ್ಟು ಹಾಸ್ಯಗಾರರನ್ನು ಬಿಡುತ್ತಿದ್ದರು. ಹಿಂದೆ ಸದ್ದಿಲ್ಲದೆ ಅರಮನೆ ಏಳುತ್ತಿತ್ತು. 1964ರಲ್ಲಿ ಪ್ರಕಟವಾದ ಈ ನಾಟಕದ ಅಜೀಜ್–ಆಜಂ ಜೋಡಿಯೂ ಆ ರಸ್ತೆ ಪರದೆಯ ವಂಶದ್ದೇ. ಜನರಿಗೆ ಅವರಿಬ್ಬರ ಮಾತೆಂದರೆ ನಗು. ನನಗೆ ಹಗ್ಗ ಬಿಗಿಯಲು ಸಿಕ್ಕ ಬಿಡುವು.

‘ಸೆಟ್ಟು ಸಾಂಕೇತಿಕವಾಗಿರಲಿ’ ಎಂದರು ನಿರ್ದೇಶಕರು. ಹವ್ಯಾಸಿ ರಂಗಭೂಮಿಯಲ್ಲಿ ಹಾಗೆಂದರೆ ದುಡ್ಡಿಲ್ಲ ಎಂದರ್ಥ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆಯನ್ನೇ ರಂಗಕ್ಕೆ ತಂದರು. ದೆಹಲಿಯಲ್ಲಿ ನಿರ್ದೇಶಕ ಅಲ್ಕಾಜಿಯವರು ಪುರಾನಾ ಕಿಲಾದ ಪಾಳುಗೋಡೆಗಳ ನಡುವೆಯೇ ‘ತುಘಲಕ್’ ಆಡಿಸಿದರು. ಪಾಳುಗೋಡೆಗೆ ನಮ್ಮೂರಲ್ಲೂ ಬರವಿಲ್ಲ. ಆದರೆ ಎಲ್ಲವೂ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದಲ್ಲಿವೆ.

ಕೊನೆಗೆ ಗತಿಯಾದದ್ದು ಮರದ ರೀಪರು, ಕೋರಾ ಬಟ್ಟೆ ಮತ್ತು ಮೈದಾ ಗಂಜಿ. ಎಂಟಡಿ ಎತ್ತರ, ನಾಲ್ಕಡಿ ಅಗಲದ ಚೌಕಟ್ಟು. ಮೂಲೆಗೆ ಪ್ಲೈವುಡ್ಡಿನ ತ್ರಿಕೋನದ ತುಂಡು. ಬಟ್ಟೆ ಹೊದಿಸಿ ಹಿಂಬದಿಗೆ ಸಣ್ಣ ಮೊಳೆ. ಮೊದಲನೆಯದಕ್ಕೆ ನಾನು ಉತ್ಸಾಹದಿಂದ ಬಟ್ಟೆಯನ್ನು ಎಳೆದೆಳೆದು ಬಿಗಿದೆ. ಬೀಡಿ ಸೇದುತ್ತಾ ಕೂತಿದ್ದ ಆಚಾರ್ರು, ‘ಸ್ವಲ್ಪ ಸಡ್ಲ ಬಿಡಿ ಸಾರ್, ಗಂಜಿ ಕುಡಿದ್ಮೇಲೆ ಅದೇ ಬಿಗ್ಕೊಳ್ಳುತ್ತೆ’ ಅಂದರು. ಕೇಳಲಿಲ್ಲ. ಗಂಜಿ ಬಳಿದು ಬಿಸಿಲಿಗಿಟ್ಟೆ. ಒಣಗುತ್ತಾ ಬಟ್ಟೆ ಕುಗ್ಗಿತು, ರೀಪರು ತಿರುಚಿಕೊಂಡಿತು, ಮಧ್ಯಾಹ್ನದ ಹೊತ್ತಿಗೆ ಕೋಟೆಗೋಡೆ ಎಣ್ಣೆಗೆ ಬಿದ್ದ ಹಪ್ಪಳದಂತಾಗಿತ್ತು. ಆಚಾರ್ರು ಏನೂ ಅನ್ನಲಿಲ್ಲ; ಇನ್ನೊಂದು ಬೀಡಿ ಹಚ್ಚಿದರು. ಉಳಿದ ಒಂಬತ್ತು ಅವರ ಮಾತಿನಂತೆ ಆದವು. ಬೆರಳಲ್ಲಿ ಬಡಿದರೆ ತಮಟೆಯ ಹಾಗೆ ಢಣ್ ಎನ್ನುತ್ತಿದ್ದವು.

ಗಂಜಿಗೆ ಮೈಲುತುತ್ತ ಬೆರೆಸುವುದು ವಾಡಿಕೆ, ಹುಳ ಹಿಡಿಯದಿರಲಿ ಎಂದು. ನಾವು ಮರೆತಿದ್ದೆವು. ಬೆಳಿಗ್ಗೆ ಬಂದು ನೋಡಿದರೆ ದೌಲತಾಬಾದಿಗೆ ಹಸುವೊಂದು ಮುತ್ತಿಗೆ ಹಾಕಿ, ಬುರುಜಿನ ಅರ್ಧವನ್ನು ನೆಕ್ಕಿ ಮುಗಿಸಿತ್ತು. ಮರೆತದ್ದು ಹಸುವಿನ ಪುಣ್ಯ.

ನಾಣ್ಯದ ಕತೆಯೇ ಬೇರೆ. ನಾಟಕದಲ್ಲಿ ಜನ ಮನೆಮನೆಯಲ್ಲಿ ತಾಮ್ರದ ನಾಣ್ಯ ಖೋಟಾ ಮಾಡುತ್ತಾರೆ; ಸುಲ್ತಾನನ ಗುಲಾಬಿ ತೋಟದಲ್ಲಿ ಅವುಗಳ ರಾಶಿಯೇ ಬೀಳುತ್ತದೆ. ನಮಗೆ ಬೇಕಾದದ್ದು ಖೋಟಾ ನಾಣ್ಯದ ಖೋಟಾ. ಬಾಟಲಿಯ ಮುಚ್ಚಳಗಳನ್ನು ಚಪ್ಪಟೆ ಬಡಿದು ಬಣ್ಣ ಹಾಕಿದರಾಯಿತು ಎಂದುಕೊಂಡೆವು. ಸೋಡಾ ಅಂಗಡಿಯಲ್ಲಿ ಸಿಕ್ಕದ್ದು ಒಂದು ಬೊಗಸೆ. ಬಾರಿನ ಹಿಂಬದಿಯಲ್ಲಿ ಚೀಲ ಹಿಡಿದು ಮುಚ್ಚಳ ಆರಿಸುತ್ತಿದ್ದ ನಮ್ಮ ತಂಡದ ಮೇಷ್ಟ್ರ ಸುದ್ದಿ ಅವರಿಗಿಂತ ಮೊದಲೇ ಮನೆ ತಲುಪಿತು. ಅದಾದ ಮೇಲೆ ಅವರ ಮನೆಯವರು ರಿಹರ್ಸಲ್ ನೋಡಲು ತಪ್ಪದೆ ಬರತೊಡಗಿದರು.

ಸಿಂಹಾಸನ ಮಾತ್ರ ಅಸಲಿ. ಶಾಮಿಯಾನದ ಅಂಗಡಿಯವರು ಮದುವೆಯ ಜೋಡಿ ಕುರ್ಚಿಯಲ್ಲಿ ಒಂದನ್ನು ಕೊಟ್ಟರು. ಕೆಂಪು ಮಖಮಲ್ಲು, ಕೈಯ ತುದಿಗೆ ಸಿಂಹದ ಮುಖ. ಷರತ್ತು ಒಂದೇ: ಮಾರನೇ ದಿನ ಮುಹೂರ್ತ, ಬೆಳಗಿನ ಜಾವ ಐದಕ್ಕೆಲ್ಲ ಕುರ್ಚಿ ಛತ್ರದಲ್ಲಿರಬೇಕು.

ಪ್ರದರ್ಶನದ ರಾತ್ರಿ ಕೊನೇ ದೃಶ್ಯಕ್ಕೆ ಕಮಾನು ಎತ್ತಿ ನಿಲ್ಲಿಸಿದರೆ ಹಿಂದಿನ ಆನಿಕೆ ಕಂಬ ಕಾಣೆ. ಯಾರೋ ಅದನ್ನು ಗ್ರೀನ್ ರೂಮಿನಲ್ಲಿ ಬಟ್ಟೆ ಹಾಕಲು ಅಡ್ಡ ಕಟ್ಟಿಕೊಂಡಿದ್ದರು. ನಾನೇ ಆನಿಕೆಯಾದೆ. ಕಮಾನಿನ ಆಚೆ ಸಾಮ್ರಾಜ್ಯ ಕುಸಿಯುವುದನ್ನು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಈಚೆ ಅದು ಅವರ ಮೇಲೇ ಕುಸಿಯದ ಹಾಗೆ ನಾನು ಉಸಿರು ಬಿಗಿಹಿಡಿದಿದ್ದೆ. ಮೂಗಿನ ಮೇಲೊಂದು ಸೊಳ್ಳೆ. ನನ್ನ ರಂಗಜೀವನದಲ್ಲಿ ತಪ್ಪಿಲ್ಲದೆ ಮುಗಿಸಿದ ಪಾತ್ರ ಅದೊಂದೇ.

ನಾಟಕದ ಕೊನೆಗೆ ಸುಲ್ತಾನ ಸಿಂಹಾಸನದ ಮೇಲೆ ಕೂತಲ್ಲೇ ನಿದ್ದೆ ಹೋಗುತ್ತಾನೆ. ನಮ್ಮ ಸುಲ್ತಾನರು ಹಗಲು ಪಂಚಾಯ್ತಿ ಗುಮಾಸ್ತರು, ಮೂರು ರಾತ್ರಿ ನಮ್ಮ ಜೊತೆ ಬಣ್ಣ ಬಳಿದವರು. ಆ ದೃಶ್ಯದಲ್ಲಿ ಅವರ ಅಭಿನಯಕ್ಕೆ ಬಿದ್ದ ಚಪ್ಪಾಳೆ ಅವರಿಗೆ ಕೇಳಿಸಿತೋ ಇಲ್ಲವೋ, ನನಗೆ ಅನುಮಾನ.

ನಾಲ್ಕೂವರೆಗೆ ಲಗೇಜ್ ಆಟೋ ಬಂತು. ಕುರ್ಚಿ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ಸುಲ್ತಾನರು ಹತ್ತಿ ಅದರ ಮೇಲೆಯೇ ಕೂತರು, ಎರಡು ತಿರುವಿನಲ್ಲಿ ಮತ್ತೆ ನಿದ್ದೆ. ಛತ್ರದ ಬಾಗಿಲಲ್ಲಿ ಇಳಿದಾಗ ಕಣ್ಣಲ್ಲಿ ಕಾಡಿಗೆ, ಕೆನ್ನೆಯಲ್ಲಿ ಬಣ್ಣ, ಮೈಮೇಲೆ ಜರಿಯ ನಿಲುವಂಗಿ. ಹೆಣ್ಣಿನ ಕಡೆಯ ಹಿರಿಯರೊಬ್ಬರು ಮೇಲಿಂದ ಕೆಳಗೆ ನೋಡಿ, ‘ಬ್ಯಾಂಡ್‌ಸೆಟ್‌ನೋರಾ? ಇಷ್ಟು ಬೇಗ ಬಂದ್ರಲ್ಲ, ಒಳಗ್ಹೋಗಿ ಕಾಫಿ ಕುಡೀರಿ’ ಎಂದರು.

ಸುಲ್ತಾನರು ಒಳಗೆ ಹೋದರು. ಎರಡು ಲೋಟ ಕುಡಿದರು.