ಸ್ವಪ್ರಶಸ್ತಿ ಮೀಮಾಂಸೆ ಅಥವಾ ಬಯೋಡೇಟಾ ಲಕ್ಷಣ ವಿವೇಚನೆ

ಶಾಸನ ಸಾಹಿತ್ಯ ಅರಸರ ಜೊತೆಗೇ ಮಣ್ಣಾಯಿತೆಂಬ ನಂಬಿಕೆ ನಮ್ಮ ವಿದ್ವದ್ವಲಯದಲ್ಲಿ ಬಲವಾಗಿದೆ. ಅದನ್ನು ಬುಡಸಮೇತ ಕೀಳುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಶಾಸನ ಸತ್ತಿಲ್ಲ. ಕಲ್ಲಿನಿಂದ ತಾಮ್ರಕ್ಕೆ, ತಾಮ್ರದಿಂದ ಎ-ಫೋರ್ ಹಾಳೆಗೆ, ಹಾಳೆಯಿಂದ ಪಿಡಿಎಫ್‌ಗೆ ಬಂದು ಬಯೋಡೇಟಾ ಎಂಬ ಹೆಸರಿನಲ್ಲಿ ಆರಾಮಾಗಿ ಕೂತಿದೆ. ಬೆಂಗಳೂರಿನಲ್ಲಿ ಒಂದು ಸೋಮವಾರ ಹುಟ್ಟುವಷ್ಟು ಪ್ರಶಸ್ತಿಗಳು, ಎಂದರೆ ಹೊಗಳಿಕೆಯ ಬರಹಗಳು, ಬಾದಾಮಿ ಚಾಲುಕ್ಯರ ಇಡೀ ಆಳ್ವಿಕೆಯಲ್ಲಿ ಹುಟ್ಟಿರಲಾರವು. ಇವನ್ನೆಲ್ಲ ಹುಡುಕಿ, ಅಚ್ಚೊತ್ತಿ, ಸಂಪುಟ ಮಾಡಲು ಒಬ್ಬ ಬಿ.ಎಲ್. ರೈಸ್ ಮಾತ್ರ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಆತ ಎಚ್.ಆರ್. ವಿಭಾಗ ಸೇರಿಕೊಂಡು, ಬಂದದ್ದನ್ನೆಲ್ಲ ಅಳಿಸುತ್ತಿರಬೇಕು.

ಈ ಪರಂಪರೆಯ ಆದಿಪುರುಷ ರವಿಕೀರ್ತಿ. ಐಹೊಳೆಯ ಮೇಗುತಿ ಜಿನಾಲಯದ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ಆತ ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ವಿಸ್ತಾರವಾಗಿ ಕೆತ್ತಿಸಿದ. ಹರ್ಷವರ್ಧನ ಸೋತದ್ದೂ ಅಲ್ಲಿದೆ. ಇದೆಲ್ಲ ರಾಜಕೀಯ ಇತಿಹಾಸಕಾರರ ಪಾಲು. ನಮಗೆ ಬೇಕಾದದ್ದು ಕೊನೆಯ ಭಾಗ. ಅರಸನ ಹೊಗಳಿಕೆ ಮುಗಿಯುತ್ತ ಬಂದಂತೆ ಕವಿ ಮೆಲ್ಲಗೆ ತನ್ನ ಹೆಸರು ನುಗ್ಗಿಸಿ, ಕಾವ್ಯದಲ್ಲಿ ತಾನು ಕಾಳಿದಾಸ, ಭಾರವಿಗಳ ಕೀರ್ತಿ ಪಡೆದವನು ಎಂದು ಹೇಳಿಕೊಳ್ಳುತ್ತಾನೆ. ಇಬ್ಬರು ರೆಫರೆನ್ಸ್ ಕೊಡಬೇಕೆಂಬ ನಿಯಮ ಇಲ್ಲಿಂದಲೇ ಶುರುವಾಯಿತೆಂದು ಪ್ರಸ್ತುತ ಲೇಖಕನ ಖಚಿತ ಅಭಿಪ್ರಾಯ. ಆ ಇಬ್ಬರನ್ನೂ ಯಾರೂ ವಿಚಾರಿಸಲಿಲ್ಲ. ವಿಚಾರಿಸುವ ಹಾಗೂ ಇರಲಿಲ್ಲ. ತಮಾಷೆಯೆಂದರೆ, ಕಾಳಿದಾಸನ ಕಾಲ ಇದಕ್ಕಿಂತ ಈಚೆಗೆ ಬರಲಾರದು ಎನ್ನಲು ವಿದ್ವಾಂಸರು ಇವತ್ತಿಗೂ ಹಿಡಿಯುವ ಆಧಾರಗಳಲ್ಲಿ ರವಿಕೀರ್ತಿಯ ಈ ಮಾತೂ ಒಂದು. ಅಭ್ಯರ್ಥಿ ಕೊಟ್ಟ ರೆಫರೆನ್ಸಿಗೆ ಅಭ್ಯರ್ಥಿಯೇ ಸಾಕ್ಷಿಯಾದ ಪ್ರಸಂಗ ಉದ್ಯೋಗದ ಇತಿಹಾಸದಲ್ಲಿ ಇನ್ನೊಂದು ಸಿಗಲಿಕ್ಕಿಲ್ಲ.

ಅನುಭವವನ್ನು ಪ್ರಾಜೆಕ್ಟ್‌ವಾರು ಬರೆಯುವ ಪದ್ಧತಿಗೆ ಮೂಲ ಚಾವುಂಡರಾಯ. ಗಂಗರ ಮಂತ್ರಿ, ಸೇನಾಪತಿ. 978ರಲ್ಲಿ ತನ್ನದೇ ಹೆಸರಿನ ಪುರಾಣ ಬರೆದವನು. ಅದರಲ್ಲಿ ಯಾವ ಯುದ್ಧಕ್ಕೆ ಯಾವ ಬಿರುದು ಎಂಬುದಕ್ಕೆ ಲೆಕ್ಕವಿದೆ. ಗೋನೂರಿನ ಬಯಲಿನಲ್ಲಿ ನೊಳಂಬರ ಮೇಲೆ ಕಾದಿದ್ದಕ್ಕೆ ವೀರಮಾರ್ತಂಡ, ಉಚ್ಚಂಗಿ ಕೋಟೆಯ ಕದನಕ್ಕೆ ರಣರಂಗಸಿಂಗ, ಹೀಗೇ ಮುಂದೆ. ಕ್ಲೈಂಟ್, ಲೊಕೇಶನ್, ರೋಲ್, ಫಲಿತಾಂಶ ಎಲ್ಲವೂ ಕ್ರಮವಾಗಿವೆ. ಅದೇ ಮನುಷ್ಯ ಕೆಲವೇ ವರ್ಷಗಳಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಐವತ್ತೆಂಟು ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಅದರ ಪಾದದ ಬಳಿಯ ಕನ್ನಡ ಬರಹದಲ್ಲಿ ಆತನ ಬಗ್ಗೆ ಇರುವುದು ಒಂದೇ ಸಂಗತಿ: ಚಾವುಂಡರಾಯ ಮಾಡಿಸಿದ. ವೀರಮಾರ್ತಂಡನೂ ಇಲ್ಲ, ಸಿಂಗನೂ ಇಲ್ಲ. ಇದರಿಂದ ಹೊರಡುವ ಸೂತ್ರ ಹೀಗಿದೆ: ತೋರಿಸಲು ಗೊಮ್ಮಟನಿದ್ದವನಿಗೆ ಒಂದು ಸಾಲು ಸಾಕು, ಇಲ್ಲದವನಿಗೆ ನಾಲ್ಕು ಪುಟವೂ ಸಾಲದು. ನಾಲ್ಕು ಪುಟ ಬರೆಯುವವರೇ ಹೆಚ್ಚೇಕೆ ಎಂಬುದಕ್ಕೆ ಬೇರೆ ಸಂಶೋಧನೆ ಬೇಡ.

ಪರದೇಶದ ಒಂದು ನಿದರ್ಶನ ಇಲ್ಲದಿದ್ದರೆ ಪ್ರಬಂಧಕ್ಕೆ ಗೌರವ ಬರುವುದಿಲ್ಲ. ಸುಮಾರು 1482ರಲ್ಲಿ ಲಿಯೊನಾರ್ಡೊ ಡಾ ವಿಂಚಿ ಮಿಲಾನಿನ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಬರೆದ ಪತ್ರದ ಕರಡು ಉಳಿದಿದೆ. ಸೇತುವೆ, ಫಿರಂಗಿ, ಸುರಂಗ, ಮುಚ್ಚಿದ ರಥ ಎಂದು ಯುದ್ಧದ ಸಾಮಗ್ರಿಯನ್ನೇ ಅಂಕಿ ಹಾಕಿ ಪಟ್ಟಿ ಮಾಡಿ, ಕೊನೆಗೆ, ಅಂದಹಾಗೆ ಚಿತ್ರ ಬಿಡಿಸುವುದೂ ಬರುತ್ತದೆ ಎಂದು ಸೇರಿಸುತ್ತಾನೆ. ಪ್ರಭುವಿಗೆ ಬೇಕಾದದ್ದು ಫಿರಂಗಿ. ಆದ್ದರಿಂದ ಚಿತ್ರಕಲೆ ನಮ್ಮ ಹುಡುಗರ ‘ಹಾಬೀಸ್’ ಇರುವ ಜಾಗಕ್ಕೆ ಹೋಯಿತು. ಜಾಹೀರಾತು ನೋಡಿ ರೆಸ್ಯೂಮೆ ತಿದ್ದುವುದು ಅಪ್ರಾಮಾಣಿಕತೆಯೆಂದು ಮೂಗು ಮುರಿಯುವ ಹಿರಿಯರು ಇದನ್ನು ಗಮನಿಸಬೇಕು.

ಈಗ ಸಿದ್ಧಾಂತಕ್ಕೆ ಬರೋಣ. ಹಳೆಯ ಪ್ರಶಸ್ತಿಯಲ್ಲಿ ಸಾಮಾನ್ಯವಾಗಿ ಹೊಗಳುವವನು ಬೇರೆ, ಹೊಗಳಿಸಿಕೊಳ್ಳುವವನು ಬೇರೆ. ಬಯೋಡೇಟಾದಲ್ಲಿ ಇಬ್ಬರೂ ಒಬ್ಬನೇ. ಅರಸನೇ ಕವಿಯಾಗಿ ಕೂತು ತನ್ನನ್ನು ಬಣ್ಣಿಸಬೇಕಾದಾಗ ಸಹಜವಾಗಿಯೇ ನಾಚಿಕೆಯಾಗುತ್ತದೆ. ಈ ನಾಚಿಕೆಯಿಂದಲೇ ಪ್ರಕಾರದ ಮುಖ್ಯ ವ್ಯಾಕರಣ ನಿಯಮ ಹುಟ್ಟಿದೆ. ಅದೇ ಕರ್ತೃಪದ ಲೋಪ. ‘ಲೆಡ್ ಎ ಟೀಮ್’ ಎಂದಿರುತ್ತದೆ, ಯಾರು ಎಂದಿರುವುದಿಲ್ಲ. ತಂಡದಲ್ಲಿ ಐದು ಜನರಿದ್ದರೆ ಐವರ ರೆಸ್ಯೂಮೆಯಲ್ಲೂ ಈ ವಾಕ್ಯ ಇರುತ್ತದೆ, ಮತ್ತು ವ್ಯಾಕರಣದ ಪ್ರಕಾರ ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ.

ಅಲಂಕಾರಗಳಲ್ಲಿ ಅತಿಶಯೋಕ್ತಿ ಎಲ್ಲರಿಗೂ ಗೊತ್ತಿರುವುದೇ, ಅದನ್ನು ಬಿಡೋಣ. ಸೂಕ್ಷ್ಮವಾದದ್ದು ವ್ಯಾಜಸ್ತುತಿ, ಎಂದರೆ ನಿಂದೆಯ ನೆಪದಲ್ಲಿ ಹೊಗಳಿಕೆ. ‘ನಿಮ್ಮ ದೌರ್ಬಲ್ಯವೇನು?’ ಎಂಬ ಪ್ರಶ್ನೆಗೆ ‘ಎಲ್ಲವೂ ಪರ್ಫೆಕ್ಟ್ ಆಗೋತನಕ ನಂಗೆ ನಿದ್ದೆ ಬರಲ್ಲ ಸಾರ್’ ಎಂಬ ಉತ್ತರ ಇದಕ್ಕೆ ಲಕ್ಷ್ಯ. ‘ಬೆಳಗ್ಗೆ ಏಳೋಕ್ಕಾಗಲ್ಲ ಸಾರ್’ ಎಂದು ನಿಜ ಹೇಳಿದರೆ ಅದು ಅಲಂಕಾರವಲ್ಲ, ದೋಷ.

ಲಕ್ಷಣಾವೃತ್ತಿಯ ಪ್ರಯೋಗವಂತೂ ಕಣ್ಣಿಗೆ ಒತ್ತಿಕೊಳ್ಳುವಂಥದು. ‘ಗಂಗೆಯಲ್ಲಿ ಗೊಲ್ಲರ ಹಟ್ಟಿ’ ಎಂದರೆ ಹಟ್ಟಿ ನೀರಿನೊಳಗಿಲ್ಲ, ದಡದಲ್ಲಿದೆ ಎಂದು ತಿಳಿಯಬೇಕೆಂಬುದು ಆಲಂಕಾರಿಕರ ಹಳೆಯ ಉದಾಹರಣೆ. ಅಭ್ಯರ್ಥಿಯೊಬ್ಬ ‘ದೊಡ್ಡ ಬಹುರಾಷ್ಟ್ರೀಯ ಕಂಪನಿಯಲ್ಲಿ ಮೂರು ವರ್ಷ’ ಎಂದು ಬರೆದಾಗಲೂ ಹಾಗೆಯೇ ಅರ್ಥ ಮಾಡಿಕೊಳ್ಳಬೇಕು. ಆತ ಕೂತದ್ದು ಆ ಕಟ್ಟಡದಲ್ಲೇ, ಊಟ ಮಾಡಿದ್ದು ಆ ಕ್ಯಾಂಟೀನಿನಲ್ಲೇ. ಸಂಬಳ ಬಂದದ್ದು ಮಾತ್ರ ಥರ್ಡ್ ಪಾರ್ಟಿ ಪೇರೋಲಿನಿಂದ, ಅಂದರೆ ದಡದಿಂದ. ಕೊರಳಲ್ಲಿ ನೇತಾಡುವ ಬ್ಯಾಡ್ಜಿನ ಪಟ್ಟಿಯ ಬಣ್ಣ ನೋಡಿದರೆ ನೀರೆಷ್ಟು ದೂರವಿದೆಯೆಂದು ಗೊತ್ತಾಗುತ್ತದೆ.

ಇನ್ನು ಧ್ವನಿ. ಹೇಳದೆಯೇ ಹೊಳೆಯುವ ಅರ್ಥವೇ ಕಾವ್ಯದ ಜೀವವೆಂದು ಆನಂದವರ್ಧನ ಕಾಶ್ಮೀರದಲ್ಲಿ ಕೂತು 9ನೆಯ ಶತಮಾನದಲ್ಲಿ ಹೇಳಿದ್ದು ಹೊರ ವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಅಕ್ಷರಶಃ ನಿಜವಾಗಿದೆ. ‘ಕೂಡಲೇ ಸೇರಲು ಸಿದ್ಧ’ ಎಂಬುದರ ವಾಚ್ಯಾರ್ಥ ಉತ್ಸಾಹ. ವ್ಯಂಗ್ಯಾರ್ಥ, ಕೆಲಸ ಆಗಲೇ ಹೋಗಿದೆ. ‘ವೈಯಕ್ತಿಕ ಕಾರಣಗಳಿಗಾಗಿ ಒಂದು ವರ್ಷದ ಗ್ಯಾಪ್’ ಎಂದರೆ ಕೆ.ಎ.ಎಸ್. ಪರೀಕ್ಷೆ. ‘ಮಾತುಕತೆಗೆ ಮುಕ್ತ’ ಎಂದರೆ ಎಷ್ಟು ಕೊಟ್ಟರೂ ಬರುತ್ತೇನೆ. ಎಚ್.ಆರ್. ಕಡೆಯ ‘ನಾವೇ ನಿಮಗೆ ತಿಳಿಸ್ತೀವಿ’ ಧ್ವನಿಕಾವ್ಯದ ಶಿಖರ. ಅದರ ವ್ಯಂಗ್ಯಾರ್ಥ ತಿಳಿಯದ ಸಹೃದಯ ಈ ನಾಡಿನಲ್ಲಿ ಇಲ್ಲ.

ಗ್ರಂಥಸಂಪಾದನೆಯ ದೃಷ್ಟಿಯಿಂದ ನೋಡಿದರೆ ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳ ರೆಸ್ಯೂಮೆಗಳೆಲ್ಲ ಕಳೆದುಹೋದ ಒಂದೇ ಮೂಲಪ್ರತಿಯಿಂದ ಬಂದಿವೆ. ಅದನ್ನು ಬರೆದವನು ಯಾವುದೋ ಬ್ಯಾಚಿನ ಸೀನಿಯರ್ ಎಂಬುದರ ಹೊರತು ಬೇರೇನೂ ತಿಳಿಯದು. ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಯೊಂದಿಗೆ ತಾನೂ ಏಳಿಗೆ ಹೊಂದುವ ಆತನ ‘ಆಬ್ಜೆಕ್ಟಿವ್’ ಎಲ್ಲ ಪ್ರತಿಗಳಲ್ಲೂ ಒಂದಕ್ಷರ ಬಿಡದೆ ಇದೆ. ಕಾಗುಣಿತದ ತಪ್ಪೂ ಸೇರಿ. ಪ್ರತಿಗಳಿಗೆ ಸಮಾನ ಮೂಲವಿದೆಯೆಂದು ಸಾಧಿಸಲು ಸಮಾನ ತಪ್ಪಿಗಿಂತ ಗಟ್ಟಿ ಸಾಕ್ಷ್ಯವಿಲ್ಲ.

ಪ್ರತಿ ಮಾಡುವ ಕ್ರಿಯೆಯನ್ನು ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಕಣ್ಣಾರೆ ನೋಡಬಹುದು. ಲಿಪಿಕಾರನಾದ ಡಿ.ಟಿ.ಪಿ. ಅಣ್ಣ ಬೈಟು ಕಾಫಿ ಕೆಳಗಿಟ್ಟು, ‘ಫ್ರೆಶರ್ರಾ, ಎಕ್ಸ್‌ಪೀರಿಯನ್ಸ್ ಇದೆಯಾ?’ ಎನ್ನುತ್ತಾನೆ. ಫ್ರೆಶರ್ ಎಂದೊಡನೆ ಹಿಂದಿನ ಗಿರಾಕಿಯ ಫೈಲು ತೆರೆದುಕೊಳ್ಳುತ್ತದೆ. ಹೆಸರು ಅಳಿಸಿ ಹೆಸರು, ಅಂಕ ಅಳಿಸಿ ಅಂಕ. ‘ಹಾಬಿ ಏನ್ ಹಾಕ್ಲಿ?’ ‘ಇರೋದೇ ಇರ್ಲಿ ಬಿಡಣ್ಣ.’ ಹೀಗೆ ಈಜು ಬಾರದವನು ಈಜುತ್ತಾನೆ, ಪುಸ್ತಕ ಮುಟ್ಟದವನು ಓದುತ್ತಾನೆ. ‘ಲ್ಯಾಂಗ್ವೇಜಸ್ ನೋನ್’ ಕಾಲಮಿನಲ್ಲಿ ತೆಲುಗು ಉಳಿದುಬಿಡುತ್ತದೆ. ಕೆಲವೊಮ್ಮೆ ಎರಡನೆಯ ಪುಟದಲ್ಲಿ ತಂದೆಯ ಹೆಸರೂ ಹಿಂದಿನ ಗಿರಾಕಿಯದೇ ಉಳಿಯುವುದುಂಟು. ವಂಶಾವಳಿಯ ಇಂಥ ಗೊಂದಲಗಳಿರುವ ತಾಮ್ರಪಟಗಳನ್ನು ಶಾಸನತಜ್ಞರು ಕೂಟಶಾಸನ, ಅಂದರೆ ಖೋಟಾ, ಎಂದು ಪಕ್ಕಕ್ಕಿಡುತ್ತಾರೆ.

ಖೋಟಾ ಎಂದಾಗ ಒಂದು ಪ್ರಸಿದ್ಧ ವಾಗ್ವಾದ ನೆನಪಾಗುತ್ತದೆ. ಗಂಗರ ತಾಮ್ರಪಟಗಳಲ್ಲಿ ಬಹಳಷ್ಟು ಕೃತ್ರಿಮವೆಂದು ಶಾಸನತಜ್ಞ ಫ್ಲೀಟ್ ಸಾಹೇಬರು ಹಟ ಹಿಡಿದರು, ರೈಸ್ ಸಾಹೇಬರು ಅವನ್ನು ಸಮರ್ಥಿಸಿದರು. ಆ ಇಬ್ಬರ ಶಿಷ್ಯಪರಂಪರೆ ಪ್ರತಿ ಕಂಪನಿಯಲ್ಲೂ ಇದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡುವವರು ಫ್ಲೀಟ್ ಪಂಥ: ಪೇ ಸ್ಲಿಪ್ ತಾ, ರಿಲೀವಿಂಗ್ ಲೆಟರ್ ತಾ, ಪಿ.ಎಫ್. ದಾಖಲೆ ತೋರಿಸು. ತಿಂಗಳುಗಟ್ಟಲೆ ಖಾಲಿ ಕುರ್ಚಿ ನೋಡಿ ಬೇಸತ್ತ ಮ್ಯಾನೇಜರ್ ರೈಸ್ ಪಂಥ: ಇರಲಿ ಬಿಡಿ, ಹುಡುಗ ಒಳ್ಳೆಯವನ ಹಾಗಿದ್ದಾನೆ.

ಮದುವೆ ಬಯೋಡೇಟಾ ಎಂಬ ಸೋದರ ಶಾಖೆಯೊಂದಿದೆ. ಅದೇ ಅಂಗಡಿ, ಅದೇ ಅಣ್ಣ. ಗೋತ್ರ, ನಕ್ಷತ್ರ, ಎತ್ತರ ಸೇರುತ್ತವೆ. ಸಂಬಳವೂ ಕೊಂಚ ಎತ್ತರವಾಗುತ್ತದೆ. ಅದಕ್ಕೆ ಪ್ರತ್ಯೇಕ ಪ್ರಬಂಧವೇ ಬೇಕು.

ಇತ್ತೀಚೆಗೆ ಪ್ರಕಾರಕ್ಕೆ ಒದಗಿದ ದೊಡ್ಡ ವಿಪತ್ತೆಂದರೆ ಓದುಗ ಬದಲಾಗಿರುವುದು. ದೊಡ್ಡ ಕಂಪನಿಗಳಲ್ಲಿ ಮೊದಲು ಜರಡಿ ಹಿಡಿಯುವುದು ಸಾಫ್ಟ್‌ವೇರು. ಎರಡು ಕಾಲಮ್ಮಿನ ವಿನ್ಯಾಸ, ಟೇಬಲ್ಲು, ಚಿತ್ರಗಳೊಳಗಿನ ಅಕ್ಷರ ಅದನ್ನು ತಬ್ಬಿಬ್ಬು ಮಾಡುವುದುಂಟು. ಅದಕ್ಕೆ ಬೇಕಾದದ್ದು ಜಾಹೀರಾತಿನಲ್ಲಿದ್ದ ಪದಗಳೇ. ಚತುರರು ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಆ ಪದಗಳನ್ನೆಲ್ಲ ತುಂಬಿಟ್ಟು, ಯಂತ್ರಕ್ಕೆ ಮಾತ್ರ ಕಾಣುವ ಅದೃಶ್ಯ ಶಾಸನ ರಚಿಸಿದ್ದೂ ಉಂಟು. ಈಗ ಬರೆಯುವುದಕ್ಕೂ ಯಂತ್ರವೇ ಸಿಕ್ಕಿರುವುದರಿಂದ, ಯಂತ್ರ ಬರೆದ ಪ್ರಶಸ್ತಿಯನ್ನು ಯಂತ್ರ ಓದಿ ತಿರಸ್ಕರಿಸುವ ಮಟ್ಟಕ್ಕೆ ಸಾಹಿತ್ಯ ಬೆಳೆದಿದೆ. ಸಹೃದಯನ ಬಗ್ಗೆ ಅಭಿನವಗುಪ್ತ ಬರೆದದ್ದನ್ನು ಇಲ್ಲಿ ಅನ್ವಯಿಸಲು ಪ್ರಸ್ತುತ ಲೇಖಕನಿಗೆ ಧೈರ್ಯ ಸಾಲದು.

ಶಾಸನದ ಕೊನೆಯಲ್ಲಿ ಶಾಪಾಶಯ ಇರುತ್ತದೆ. ದತ್ತಿಗೆ ತಪ್ಪಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗುವ ಗತಿ. ಬಯೋಡೇಟಾದಲ್ಲಿ ಇದರ ಸ್ಥಾನಕ್ಕೆ ‘ಡಿಕ್ಲರೇಷನ್’ ಬಂದಿದೆ. ವ್ಯತ್ಯಾಸವಿಷ್ಟೇ: ಅಲ್ಲಿ ಶಾಪ ಇತರರಿಗೆ, ಇಲ್ಲಿ ಅಭ್ಯರ್ಥಿ ತನಗೆ ತಾನೇ ಹಾಕಿಕೊಂಡು ಕೆಳಗೆ ಸ್ಥಳ, ದಿನಾಂಕ ಬರೆದು ಸಹಿ ಮಾಡುತ್ತಾನೆ.

ಓದುಗರಲ್ಲಿ ಒಂದು ವಿನಂತಿ. ಬಿರುದುಗಳ ಬಗ್ಗೆ ಶಾಸನಕವಿಗಳು ಎಷ್ಟೇ ಧಾರಾಳಿಗಳಾಗಿದ್ದರೂ ದತ್ತಿ ಕೊಟ್ಟ ನೆಲದ ಎಲ್ಲೆ ಬಂದಾಗ ನೆಟ್ಟಗಾಗುತ್ತಿದ್ದರು: ಮೂಡಲಿಗೆ ಹುತ್ತ, ತೆಂಕಲಿಗೆ ಹಳ್ಳ, ಪಡುವಲಿಗೆ ಹುಣಸೆಮರ. ನಿಮ್ಮ ಬಯೋಡೇಟಾದಲ್ಲೂ ವೀರಮಾರ್ತಂಡ ಎಂದು ಬೇಕಾದರೆ ಬರೆದುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ತೇರ್ಗಡೆಯಾದ ವರ್ಷ, ಕೆಲಸ ಬಿಟ್ಟ ತಿಂಗಳು ಮತ್ತು ಮೊಬೈಲ್ ನಂಬರಿನ ಹತ್ತು ಅಂಕಿಗಳನ್ನು ಮಾತ್ರ ಕಳಿಸುವ ಮುಂಚೆ ಇನ್ನೊಮ್ಮೆ ನೋಡಿ.